‘ಸಿವಿಲೈಜೇಷನ್’ ಆಟವೂ ವಿಜ್ಞಾನದ ಬೆಳವಣಿಗೆಯೂ

ಆಟವೊಂದರ ವಿಚಾರವನ್ನು ವಿಜ್ಞಾನ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ಉಚಿತವೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಚದುರಂಗವಾದರೆ ಆಕ್ಷೇಪಣೆ ಬಾರದು. ಅದಕ್ಕೆ ಪ್ರಾಚೀನತೆಯ ಮರ್ಯಾದೆಯುಂಟು. ಗಣಕಯಂತ್ರದ ಪರದೆಯ ಮೇಲೆ ಆಡತಕ್ಕ ಆಟವೆಂದೊಡನೆಯೇ ಹಿರಿಯರು ಮುಖ ಗಂಟಿಕ್ಕುವರು. ಆದರೆ ನಮ್ಮ ತರಗತಿಗಳಲ್ಲಿ ಕುಳಿತಿರುವ ತರುಣರಲ್ಲಿ ಕೆಲವರಾದರೂ ಮನುಷ್ಯಕುಲದ ಆರು ಸಾವಿರ ವರ್ಷಗಳ ಚರಿತ್ರೆಯನ್ನು ರಜೆಯ ಎರಡು ರಾತ್ರಿಗಳಲ್ಲಿ ತಾವೇ ನಡೆಸಿ ಮುಗಿಸಿದವರು. ವಿಜ್ಞಾನವು ಹೇಗೆ ಬೆಳೆಯುವುದೆಂಬ ವಿಷಯದಲ್ಲಿ ಅವರ ಮನಸ್ಸಿನಲ್ಲಿ ನೆಲೆಸಿರುವ ಚಿತ್ರವು ಗ್ರಂಥಗಳಿಂದ ಬಂದುದಕ್ಕಿಂತ ಹೆಚ್ಚಾಗಿ ಆ ಆಟದಿಂದ ಬಂದುದು. ಆ ಚಿತ್ರ ಎಷ್ಟುಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದು ಭೌತವಿಜ್ಞಾನವನ್ನು ಬೋಧಿಸುವ ನಮ್ಮಂಥವರ ಕರ್ತವ್ಯವೇ ಸರಿ.

ಆಟದ ಹೆಸರು ‘ಸಿವಿಲೈಜೇಷನ್’, ಎಂದರೆ ನಾಗರಿಕತೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿದ್ದ ಮೈಕ್ರೊಪ್ರೋಸ್ ಎಂಬ ಸಂಸ್ಥೆಯು 1991ರಲ್ಲಿ ಇದನ್ನು ಹೊರತಂದಿತು. ರಚಿಸಿದವರು ಸಿಡ್ ಮೈಯರ್. ಜೊತೆಗಾರರು ಬ್ರೂಸ್ ಶೆಲ್ಲಿ. ಅನಂತರ ಹಲವು ಆವೃತ್ತಿಗಳು ಬಂದುವು. ಏಳನೆಯದು 2025ರಲ್ಲಿ ಪ್ರಕಟವಾಯಿತು. ಆದರೆ ಆಟದ ತತ್ತ್ವವು ಮೊದಲನೆಯದರಲ್ಲಿಯೇ ಅತ್ಯಂತ ಸ್ಪಷ್ಟವಾಗಿ ಕಾಣುವುದರಿಂದ ನಾವು ಹೆಚ್ಚಾಗಿ ಅದನ್ನೇ ಕುರಿತು ಹೇಳುವೆವು.

ಕಾಲ ಕ್ರಿ. ಪೂ. 4000. ಪರದೆಯ ತುಂಬ ಕತ್ತಲೆ. ನಡುವೆ ಬೆಳಕು ಬಿದ್ದ ಕೆಲವೇ ಚೌಕಗಳು. ಅಲ್ಲಿ ನೆಲೆಯನ್ನು ಹುಡುಕುತ್ತಿರುವ ಒಂದು ಗುಂಪು ಜನ. ಇಷ್ಟೇ ಆಟಗಾರನ ಬಂಡವಾಳ. ಭೂಮಂಡಲವೆಲ್ಲ 80 ಚೌಕ ಅಗಲ, 50 ಚೌಕ ಎತ್ತರ, ಒಟ್ಟು 4,000 ಚೌಕಗಳ ಹಾಸು. ಪೂರ್ವಕ್ಕೆ ಸಾಗುತ್ತ ಹೋದವನು ಪಶ್ಚಿಮದಿಂದ ಮರಳಿ ಬರುವನು, ಆದರೆ ಧ್ರುವಗಳನ್ನು ದಾಟಲಾರನು. ಎಂದರೆ ಇಲ್ಲಿ ಭೂಮಿಯು ಗೋಳವಲ್ಲ, ಕೊಳವೆ! ಆಟಗಾರನೂ ಯಂತ್ರವು ನಡೆಸುವ ಎದುರಾಳಿಗಳೂ ಸರದಿಯ ಪ್ರಕಾರ ನಡೆಯಿಡುವರು. ಮೊದಲಲ್ಲಿ ಒಂದು ಸರದಿಗೆ ಇಪ್ಪತ್ತು ವರ್ಷ ಉರುಳುವುದು. ಕಾಲ ಸಮೀಪಿಸಿದಂತೆ ಅದು ಹತ್ತಕ್ಕೆ, ಐದಕ್ಕೆ, ಕೊನೆಗೆ ಒಂದು ವರ್ಷಕ್ಕೆ ಇಳಿಯುವುದು. ಭಾರತವನ್ನು ಆರಿಸಿಕೊಂಡವನಿಗೆ ಗಾಂಧಿಯವರೇ ನಾಯಕರು, ದೆಹಲಿ ರಾಜಧಾನಿ. ನಗರಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಹೆಸರೂ ಉಂಟು. ಕೆಂಪೇಗೌಡನಿಗಿಂತ ನಾಲ್ಕೈದು ಸಾವಿರ ವರ್ಷ ಮುಂಚೆಯೇ ಅದನ್ನು ಸ್ಥಾಪಿಸುವ ಭಾಗ್ಯ ಆಟಗಾರನದು.

ನಗರವೊಂದರ ಲೆಕ್ಕಾಚಾರ ಹೀಗಿದೆ. ಅದರ ಸುತ್ತಲಿನ 21 ಚೌಕಗಳು ಅದರ ಸೀಮೆ. ನಗರದ ಜನಸಂಖ್ಯೆಯ ಒಂದೊಂದು ಘಟಕವೂ ಒಂದೊಂದು ಚೌಕದಲ್ಲಿ ದುಡಿಯುವುದು, ಸರದಿಗೆ ಎರಡು ಮಾನ ಆಹಾರವನ್ನು ತಿನ್ನುವುದು. ಹುಲ್ಲುಗಾವಲಿನಲ್ಲಿ ಎರಡು ಮಾನ ಆಹಾರ ಬೆಳೆಯುವುದರಿಂದ ಅಲ್ಲಿ ದುಡಿದವನ ಹೊಟ್ಟೆಗೆ ಸರಿಹೋಯಿತು. ಸಮುದ್ರದಲ್ಲಿ ಆಹಾರ ಒಂದೇ ಮಾನ, ಆದರೆ ವ್ಯಾಪಾರ ಎರಡು ಮಾನ. ನೀರಾವರಿ ಮಾಡಿದರೆ ಆಹಾರ ಹೆಚ್ಚುವುದು. ಮಿಕ್ಕ ಆಹಾರ ಕಣಜದಲ್ಲಿ ತುಂಬಿದಾಗ ಜನ ಹೆಚ್ಚುವರು. ಜನ ಹೆಚ್ಚಿದರೆ ಇನ್ನಷ್ಟು ಚೌಕಗಳಲ್ಲಿ ದುಡಿಮೆ, ಇನ್ನಷ್ಟು ವ್ಯಾಪಾರ. ವ್ಯಾಪಾರದ ಒಂದು ಪಾಲು ಬೊಕ್ಕಸಕ್ಕೆ, ಒಂದು ಪಾಲು ಜನರ ಸುಖಕ್ಕೆ, ಉಳಿದುದು ವಿದ್ಯೆಗೆ. ವಿದ್ಯೆಯು ಮತ್ತೆ ಹೊಲವನ್ನೂ ದಾರಿಯನ್ನೂ ಸುಧಾರಿಸುವುದು. ಚಕ್ರಬಡ್ಡಿಯೆಂದರೆ ಇದೇ ಅಲ್ಲವೆ? ಮೊದಲ ಐವತ್ತು ಸರದಿಗಳಲ್ಲಿ ಒಂದು ನಗರವನ್ನು ಹೆಚ್ಚಾಗಿ ಕಟ್ಟಿದವನು ಇನ್ನೂರನೆಯ ಸರದಿಯಲ್ಲಿ ಎಷ್ಟೋ ಮುಂದಿರುವನು. ಇದಕ್ಕೊಂದು ತಡೆಯಿರಲೆಂದು ಒಂದೊಂದು ಹೊಸ ವಿದ್ಯೆಗೂ ಹಿಂದಿನದಕ್ಕಿಂತ ಹೆಚ್ಚಿನ ಬೆಲೆಯನ್ನಿಟ್ಟಿದ್ದಾರೆ. ಘಾತೀಯ ವೃದ್ಧಿಯನ್ನು ಕರಿಹಲಗೆಯ ಮೇಲೆ ಸೂತ್ರ ಬರೆದು ವಿವರಿಸುವಾಗ ಆಕಳಿಸುವ ಹುಡುಗನು ಇಲ್ಲಿ ಅದನ್ನು ಬೆರಳತುದಿಯಲ್ಲಿ ಅನುಭವಿಸುವನು. ಈ ಒಂದು ಕಾರಣಕ್ಕೇ ವಿದ್ಯಾರ್ಥಿಗಳು ಈ ಆಟವನ್ನು ಒಮ್ಮೆ ಆಡಬಹುದೆಂದು ನಾವು ಧೈರ್ಯವಾಗಿ ಹೇಳುವೆವು. ಪರೀಕ್ಷೆಯ ಹಿಂದಿನ ವಾರದಲ್ಲಿ ಬೇಡ.

ಇನ್ನು ವಿದ್ಯೆಯ ವಿಷಯ. ಆಟದಲ್ಲಿ ಮಾನವನ ಜ್ಞಾನವೆಲ್ಲ ಒಂದು ಮರದ ರೂಪದಲ್ಲಿದೆ, ಇದನ್ನು ವಿದ್ಯಾವೃಕ್ಷವೆನ್ನೋಣ. ಅಕ್ಷರಮಾಲೆ, ಕುಂಬಾರಿಕೆ, ಕಂಚು, ಚಕ್ರ ಇವು ಬೇರುಗಳು. ಮೇಲಿನ ವಿದ್ಯೆಗಳಲ್ಲಿ ಹೆಚ್ಚಿನವಕ್ಕೆ ಕೆಳಗಿನ ಎರಡೆರಡು ಆಧಾರಗಳು. ಅಕ್ಷರಮಾಲೆಯೂ ಕಲ್ಲುಕಟ್ಟಡವೂ ಕೂಡಿ ಗಣಿತವಾಗುವುದು. ಗುರುತ್ವ ಸಿದ್ಧಾಂತವೂ ಭೌತವಿಜ್ಞಾನವೂ ಕೂಡಿ ಪರಮಾಣು ಸಿದ್ಧಾಂತ. ಅದೂ ಬೃಹದುತ್ಪಾದನೆಯೂ ಕೂಡಿ ಬೈಜಿಕ ವಿದಳನ. ಒಂದು ಶೋಧ ಮುಗಿದೊಡನೆ ರಾಜ್ಯದ ಪಂಡಿತರು ಪಟ್ಟಿಯೊಂದನ್ನು ಮುಂದಿಟ್ಟು, ಇನ್ನು ಯಾವುದನ್ನು ಕಂಡುಹಿಡಿಯೋಣ ಎಂದು ಕೇಳುವರು. ಆಟಗಾರನು ಬೆರಳು ತೋರಿಸುವನು. ಬೇಕಾದಷ್ಟು ವ್ಯಾಪಾರದ ಮಾನ ಕೂಡಿದ ದಿನ ಆ ವಿದ್ಯೆ ತಪ್ಪದೆ ಕೈಸೇರುವುದು.

ಈ ಮರದಲ್ಲಿ ಒಂದು ದೊಡ್ಡ ಸತ್ಯವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ವಿದ್ಯೆಗಳು ಒಂದನ್ನೊಂದು ಆಶ್ರಯಿಸಿ ನಿಂತಿರುವುವು. ಆಧಾರವಿಲ್ಲದೆ ಮೇಲಿನ ಮೆಟ್ಟಿಲಿಲ್ಲ. ಉತ್ತಮವಾದ ಗಾಜೂ ಅದನ್ನು ಉಜ್ಜುವ ಕುಶಲತೆಯೂ ಇಲ್ಲದಿದ್ದರೆ ಗೆಲಿಲಿಯೊನಿಗೆ 1609ರಲ್ಲಿ ದೂರದರ್ಶಕವಿರುತ್ತಿರಲಿಲ್ಲ. ಮಹಾಪುರುಷರ ತಲೆಯಿಂದ ವಿಜ್ಞಾನವು ಒಮ್ಮೆಗೇ ಚಿಮ್ಮುವುದೆಂಬ ಹಳೆಯ ಕತೆಗಳಿಗಿಂತ ಈ ಮರವೇ ಮೇಲು.

ಆದರೆ ಮರದ ಒಂದೊಂದು ಕೊಂಬೆಯ ಮೇಲೂ ಅದರ ಹೆಸರನ್ನು ಮುಂಚಿತವಾಗಿ ಬರೆದಿಟ್ಟಿದ್ದಾರೆ. ನಮ್ಮ ತಕರಾರು ಇದೊಂದೇ, ಆದರೆ ಇದು ಸಣ್ಣ ತಕರಾರಲ್ಲ. ಬೈಜಿಕ ವಿದಳನವನ್ನೇ ತೆಗೆದುಕೊಳ್ಳೋಣ. ಆಟದಲ್ಲಿ ಪಟ್ಟಿಯಿಂದ ಆರಿಸಿದರೆ ಆಯಿತು. ಪ್ರಪಂಚದಲ್ಲಿ ನಡೆದುದೇನು?

1932ರಲ್ಲಿ ಚಾಡ್ವಿಕ್ ಕೇಂಬ್ರಿಜ್ಜಿನಲ್ಲಿ ನ್ಯೂಟ್ರಾನ್ ಕಣವನ್ನು ಕಂಡುಹಿಡಿದನು. ವಿದ್ಯುದಂಶವಿಲ್ಲದ ಈ ಕಣ ಪರಮಾಣುವಿನ ಬೀಜವನ್ನು ಸುಲಭವಾಗಿ ಪ್ರವೇಶಿಸಬಲ್ಲುದೆಂದು ತಿಳಿದು, ರೋಮಿನಲ್ಲಿ ಎನ್ರಿಕೊ ಫೆರ್ಮಿಯೂ ಅವನ ಸಂಗಡಿಗರೂ 1934ರಲ್ಲಿ ಧಾತುಗಳನ್ನು ಒಂದಾದಮೇಲೊಂದರಂತೆ ನ್ಯೂಟ್ರಾನುಗಳಿಂದ ತಾಡಿಸುತ್ತ ಬಂದರು. ಆಗ ತಿಳಿದಿದ್ದ ಧಾತುಗಳ ಸಾಲಿನಲ್ಲಿ ಕಡೆಯದು ಯುರೇನಿಯಂ, ಕ್ರಮಾಂಕ 92. ಅದನ್ನು ತಾಡಿಸಿದಾಗ ಹೊಸ ವಿಕಿರಣ ಕಂಡಿತು. ಯುರೇನಿಯಮಿಗಿಂತಲೂ ಭಾರವಾದ ಧಾತು ಹುಟ್ಟಿತೆಂದು ಅವರು ಅರ್ಥಮಾಡಿದರು. ವಾಸ್ತವವಾಗಿ ಬೀಜವು ಅವರ ಕಣ್ಣ ಮುಂದೆಯೇ ಒಡೆಯುತ್ತಿತ್ತು! ಅದೇ ವರ್ಷ ಜರ್ಮನಿಯ ಇಡಾ ನೊಡಾಕ್ ಎಂಬ ರಸಾಯನಶಾಸ್ತ್ರಜ್ಞೆಯು, ಬೀಜವೇ ಹಲವು ದೊಡ್ಡ ಚೂರುಗಳಾಗಿ ಒಡೆದಿರಬಹುದಲ್ಲ ಎಂದು ಬರೆದಳು. ಯಾರೂ ಕಿವಿಗೊಡಲಿಲ್ಲ. ಅಷ್ಟು ದೊಡ್ಡ ಬೀಜ ಒಂದು ಸಣ್ಣ ಕಣದ ತಾಕಿನಿಂದ ಹೋಳಾಗುವುದೆಂದು ನಂಬಲು ಆಗಿನ ಭೌತವಿಜ್ಞಾನದಲ್ಲಿ ಕಾರಣವಿರಲಿಲ್ಲ. ಆಕೆಯೂ ಅದನ್ನು ಪ್ರಯೋಗದಿಂದ ತೋರಿಸಲಿಲ್ಲ.

ನಾಲ್ಕು ವರ್ಷ ಕಳೆದುವು. ಬರ್ಲಿನ್ನಿನಲ್ಲಿ ಓಟೊ ಹಾನ್, ಲೀಸ ಮೈಟ್ನರ್, ಫ್ರಿಟ್ಸ್ ಸ್ಟ್ರಾಸ್‌ಮನ್ ಇದೇ ಪದಾರ್ಥಗಳ ಬೆನ್ನು ಹತ್ತಿದ್ದರು. 1938ರ ಜುಲೈ ತಿಂಗಳಲ್ಲಿ ಮೈಟ್ನರ್ ಯಹೂದ್ಯ ಮೂಲದವಳೆಂಬ ಕಾರಣದಿಂದ ಜರ್ಮನಿಯನ್ನು ಬಿಟ್ಟು ಓಡಬೇಕಾಯಿತು. ಡಿಸೆಂಬರಿನಲ್ಲಿ ಹಾನನೂ ಸ್ಟ್ರಾಸ್‌ಮನ್ನನೂ ತಾವು ರೇಡಿಯಂ ಎಂದು ಭಾವಿಸಿದ್ದ ವಸ್ತುವನ್ನು ಬೇರ್ಪಡಿಸಲು ಹೋದರು. ಅದು ಬೇರಿಯಮಿನಿಂದ ಬೇರ್ಪಡಲೊಲ್ಲದು. ಎಷ್ಟು ಸಲ ಮಾಡಿದರೂ ಬೇರಿಯಮೇ. ಅದರ ಕ್ರಮಾಂಕ 56! ಹಾನ್ ಸ್ವೀಡನ್ನಿನಲ್ಲಿದ್ದ ಮೈಟ್ನರಳಿಗೆ ಕಾಗದ ಬರೆದನು. ಕ್ರಿಸ್‌ಮಸ್ ರಜೆಯಲ್ಲಿ ಆಕೆಯೂ ಆಕೆಯ ಸೋದರಿಯ ಮಗ ಓಟೊ ಫ್ರಿಷನೂ ಲೆಕ್ಕ ಹಾಕಿದರು: ಬೀಜವು ನೀರಿನ ಹನಿಯಂತೆ ನಡು ಸಣ್ಣದಾಗಿ ಎರಡಾದರೆ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿ ಬಿಡುಗಡೆಯಾಗಬೇಕು. ‘ವಿದಳನ’ ಎಂಬ ಹೆಸರನ್ನು ಫ್ರಿಷ್ ಜೀವಕೋಶಗಳ ಶಾಸ್ತ್ರದಿಂದ ಎರವಲು ಪಡೆದನು. ಹೀಗೆ ಕೊಂಬೆಯು ಮೊದಲು, ಹೆಸರು ಆಮೇಲೆ. ಫೆರ್ಮಿಯ ಮುಂದೆ 1934ರಲ್ಲಿ ಯಾರಾದರೂ ಪಟ್ಟಿಯೊಂದನ್ನು ಹಿಡಿದಿದ್ದರೆ ಅದರಲ್ಲಿ ‘ಹೊಸ ಭಾರಧಾತುಗಳು’ ಎಂದು ಬರೆದಿರುತ್ತಿತ್ತೇ ಹೊರತು ವಿದಳನವೆಂದಲ್ಲ.

ಇದು ಅಪವಾದವೆಂದು ಯಾರೂ ತಿಳಿಯಬಾರದು. 1896ರಲ್ಲಿ ಬೆಕೆರೆಲ್ ಪ್ಯಾರಿಸಿನಲ್ಲಿ ಮೋಡ ಕವಿದ ಕಾರಣ ಬಿಸಿಲಿಗಿಡಲಾಗದೆ ಪೆಟ್ಟಿಗೆಯಲ್ಲಿಟ್ಟ ಯುರೇನಿಯಂ ಲವಣವು ಛಾಯಾಚಿತ್ರದ ಫಲಕವನ್ನು ಕಪ್ಪಾಗಿಸಿದುದೂ ಇಂತಹುದೇ.

ಮರದ ಇನ್ನೊಂದು ಗುಣವನ್ನೂ ನೋಡಬೇಕು. ಅದರಲ್ಲಿ ರಸವು ಬೇರಿನಿಂದ ತುದಿಗೆ ಮಾತ್ರ ಹರಿಯುವುದು, ಹಿಂದಕ್ಕೆ ಎಂದೂ ಬಾರದು. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಬೆಳಕಿನ ಚದುರಿಕೆಯನ್ನು ಕುರಿತ ತಮ್ಮ ಶೋಧವನ್ನು ಪ್ರಕಟಿಸಿದರು. ಅದು ಅಣುಗಳ ರಚನೆಯನ್ನು ತಿಳಿಯಲು ಉತ್ತಮ ಸಾಧನವಾಯಿತು. ಆದರೆ ಚದುರಿದ ಬೆಳಕು ಬಲು ಕ್ಷೀಣವಾದುದರಿಂದ ಕ್ರಮೇಣ ಅವರಕ್ತ ಕಿರಣಗಳ ಉಪಕರಣಗಳು ಅದನ್ನು ಹಿಂದಕ್ಕೆ ತಳ್ಳಿದುವು. 1960ರಲ್ಲಿ ಲೇಸರ್ ಬಂದಿತು. ಅದನ್ನು ಮಾಡಿದವರ ಮನಸ್ಸಿನಲ್ಲಿ ರಾಮನ್ ಪರಿಣಾಮವಿರಲಿಲ್ಲ. ಆದರೂ ತೀವ್ರವಾದ ಏಕವರ್ಣದ ಬೆಳಕು ಕೈಗೆ ಬಂದುದರಿಂದ ಮೂವತ್ತು ವರ್ಷದ ಹಳೆಯ ಶೋಧ ಮತ್ತೆ ಚಿಗುರಿತು. ಮೇಲಿನ ಕೊಂಬೆಯು ಕೆಳಗಿನದಕ್ಕೆ ನೀರೆರೆಯಿತು! ಆಟದಲ್ಲಿ ಇಂತಹ ಬಾಣದ ಗುರುತೇ ಇಲ್ಲ. ಮರೆವೂ ಇಲ್ಲ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆ ತಂದ ಹಲ್ಲುಚಕ್ರಗಳ ಯಂತ್ರದಂತಹ ಕೌಶಲ ಮತ್ತೆ ಕಾಣಿಸಿಕೊಳ್ಳಲು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು. ಕೇರಳದಲ್ಲಿ ಮಾಧವನ ಪರಂಪರೆಯವರು ಬೆಳೆಸಿದ ಅನಂತಶ್ರೇಣಿಗಳು ಯೂರೋಪಿನಲ್ಲಿ ಬೇರೆಯಾಗಿ ಮತ್ತೊಮ್ಮೆ ಹುಟ್ಟಬೇಕಾಯಿತು. ಚಕ್ರದ ವಿಷಯವಂತೂ ಇನ್ನೂ ವಿನೋದ: ಪ್ರಾಚೀನ ಮೆಕ್ಸಿಕೊದವರು ಮಣ್ಣಿನ ಬೊಂಬೆಗಳಿಗೆ ಗಾಲಿಯಿಟ್ಟರು, ಆದರೆ ಗಾಡಿಯನ್ನು ಕಟ್ಟಲಿಲ್ಲ, ಎಳೆಯುವ ಎತ್ತು ಕುದುರೆಗಳು ಅವರಲ್ಲಿರಲಿಲ್ಲ. ಅವರು ಚಕ್ರವನ್ನು ‘ಕಂಡುಹಿಡಿದವರೋ’ ಅಲ್ಲವೋ? ಆಟವು ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳನ್ನು ಬಲ್ಲುದು.

ಮೈಯರರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆಟವೆಂದರೆ ಸ್ವಾರಸ್ಯವುಳ್ಳ ಆಯ್ಕೆಗಳ ಸರಣಿ ಎಂಬುದು ಅವರ ಪ್ರಸಿದ್ಧವಾದ ನಿಲುವು. ಮುಂದೇನು ಸಿಕ್ಕುವುದೆಂದು ತಿಳಿಯದವನಿಗೆ ಆಯ್ಕೆಯೆಲ್ಲಿಂದ ಬರಬೇಕು? ಆಟದ ರಚಕರಿಗೆ ಈ ಕೊರತೆ ಕಾಣದೆಯೂ ಇರಲಿಲ್ಲ. ಬ್ರಯನ್ ರೆನಾಲ್ಡ್ಸ್ ರಚಿಸಿ ಮೈಯರರ ಹೆಸರಿನಲ್ಲಿ 1999ರಲ್ಲಿ ಹೊರಬಂದ ‘ಆಲ್ಫಾ ಸೆಂಟಾರಿ’ ಎಂಬ ಆಟದಲ್ಲಿ, ಶೋಧಕರು ಯಾವ ದಿಕ್ಕಿಗೆ ಹೋಗಲಿ ಎಂಬುದನ್ನು ಮಾತ್ರ ಹೇಳಬಹುದು. ಸಿಕ್ಕಿದಾಗಲೇ ಸಿಕ್ಕಿದುದೇನೆಂದು ತಿಳಿಯುವುದು. ಬೇಡವೆಂದವರು ಈ ನಿಯಮವನ್ನು ತೆಗೆದುಹಾಕಲೂಬಹುದು. 2016ರ ಆರನೆಯ ‘ಸಿವಿಲೈಜೇಷನ್’ ಆಟದಲ್ಲಿ ಕಡಲ ದಡದಲ್ಲಿ ಊರು ಕಟ್ಟಿದವರಿಗೆ ನೌಕಾವಿದ್ಯೆ ಬೇಗ ಒಲಿಯುವುದು. ಅನುಭವವೂ ಶೋಧಕ್ಕೆ ತಾಯಿಯೆಂಬುದನ್ನು ಇದರಲ್ಲಿ ಒಪ್ಪಿಕೊಂಡಂತಾಯಿತು. ಮೊದಲನೆಯ ಆಟದಲ್ಲಿಯೇ ಒಂದು ಕಡೆ ಮರವು ತನ್ನ ಅಜ್ಞಾನವನ್ನು ಒಪ್ಪಿಕೊಂಡಿರುವುದುಂಟು. ಎಲ್ಲ ವಿದ್ಯೆಗಳೂ ಮುಗಿದಮೇಲೆ ಪಂಡಿತರು ಸುಮ್ಮನಾಗುವುದಿಲ್ಲ; ‘ಭವಿಷ್ಯದ ವಿದ್ಯೆ 1’, ‘ಭವಿಷ್ಯದ ವಿದ್ಯೆ 2’ ಎಂದು ಪಟ್ಟಿಯನ್ನು ಮುಂದುವರಿಸುವರು. 1991ರಲ್ಲಿ ಕುಳಿತು ಬರೆದವರಿಗೆ ಮುಂದಿನದಕ್ಕೆ ಹೆಸರು ತಿಳಿಯದು. ನಮಗೆ ಈ ಮರದಲ್ಲೆಲ್ಲ ಹೆಚ್ಚು ಪ್ರಿಯವಾದ ಕೊಂಬೆ ಅದು.

ಒಂದು ಆಟದ ನಿಯಮವನ್ನು ಇಷ್ಟು ಹಿಂಜುವುದೇಕೆ ಎಂದರೆ, ನಮ್ಮ ಪಠ್ಯಪುಸ್ತಕಗಳೂ ಇದೇ ಮರವನ್ನೇ ನೆಟ್ಟಿವೆ. ಒಂದು ಪುಟದಲ್ಲಿ ರುದರ್‌ಫರ್ಡ್, 1911; ಪುಟ ತಿರುಗಿಸಿದರೆ ಬೋರ್, 1913. ನಡುವಿನ ತಬ್ಬಿಬ್ಬು, ತಪ್ಪು ದಾರಿಗಳು, ವ್ಯರ್ಥವಾದ ದಿನಗಳು ಯಾವುವೂ ಅಲ್ಲಿಲ್ಲ. ಮುಂದಿನ ಅಧ್ಯಾಯವು ತನ್ನ ಸರದಿಗಾಗಿ ಕಾದು ನಿಂತಿತ್ತೆಂದೇ ಹುಡುಗನು ತಿಳಿಯುವನು. ಇದರ ಫಲವನ್ನು ಪ್ರಯೋಗಶಾಲೆಯಲ್ಲಿ ಕಾಣಬಹುದು. ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ 9.3 ಬಂದಿತೆಂದಿಟ್ಟುಕೊಳ್ಳಿ. ಉತ್ತರ 9.8 ಎಂದು ಅವನಿಗೆ ಮೊದಲೇ ಗೊತ್ತು. ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆದೆನೆ, ಆಂದೋಲನಗಳನ್ನು ಎಣಿಸುವಾಗ ಸೊನ್ನೆಯಿಂದ ಹೊರಟೆನೆ ಅಥವಾ ಒಂದರಿಂದಲೆ ಎಂದು ವಿಚಾರಿಸುವ ಬದಲು ರಬ್ಬರನ್ನು ತೆಗೆದುಕೊಂಡು 9.3ನ್ನು ಅಳಿಸಿ, 9.79 ಎಂದು ಬರೆದು, ಅದಕ್ಕೆ ಹೊಂದುವಂತೆ ಕಾಲದ ಅಂಕಗಳನ್ನೂ ತಿದ್ದುವನು. ಅಂಕಗಳೂ ದೊರೆಯುವುವು! ಬರ್ಲಿನ್ನಿನ ಆ ಇಬ್ಬರು ಇಂತಹ ರಬ್ಬರನ್ನು ಇಟ್ಟುಕೊಂಡಿದ್ದರೆ ಬೇರಿಯಂ ಎಂದೋ ಅಳಿಸಿಹೋಗಿ ರೇಡಿಯಮೇ ಉಳಿಯುತ್ತಿತ್ತು. ಹಣ ಕೊಡುವವರ ಕಡೆಯಿಂದಲೂ ಇದೇ ಭಾವನೆ ಬೇರೆ ರೂಪದಲ್ಲಿ ಬರುವುದು: ಯಾವ ವರ್ಷ ಯಾವ ಫಲವೆಂದು ಮೊದಲೇ ಬರೆದುಕೊಡಿರಿ ಎಂಬ ಬೇಡಿಕೆ. ಸೇತುವೆ ಕಟ್ಟುವವನನ್ನು ಹೀಗೆ ಕೇಳುವುದು ನ್ಯಾಯ. ಶೋಧಕನು ಮಾಡಬಲ್ಲ ಪ್ರಾಮಾಣಿಕ ವಾಗ್ದಾನವೆಂದರೆ ಪ್ರಶ್ನೆಯನ್ನೂ ವಿಧಾನವನ್ನೂ ಹೇಳುವುದು, ಅಷ್ಟೆ.

ಸಿದ್ಧವಾದ ಉತ್ತರದ ಮೋಹ ಎಷ್ಟೆಂಬುದಕ್ಕೆ ಇದೇ ಆಟದ ಸುತ್ತ ಬೆಳೆದ ಒಂದು ಕತೆಯನ್ನು ಕೇಳಿ. ಮೊದಲನೆಯ ಆಟದಲ್ಲಿ ಗಾಂಧಿಯವರು ಪರಮಾಣು ಬಾಂಬುಗಳನ್ನು ಮನಬಂದಂತೆ ಪ್ರಯೋಗಿಸುತ್ತಿದ್ದರಂತೆ. ಕಾರಣವನ್ನೂ ಹೇಳುವರು. ನಾಯಕರ ಆಕ್ರಮಣಶೀಲತೆಯನ್ನು ಎಂಟು ದ್ವಿಮಾನ ಅಂಕಗಳಲ್ಲಿ ಬರೆದಿತ್ತು. ಅದರಲ್ಲಿ 0ಯಿಂದ 255ರ ತನಕ ಮಾತ್ರ ಹಿಡಿಸುವುದು. ಗಾಂಧಿಯವರದು 1. ಪ್ರಜಾಪ್ರಭುತ್ವ ಬಂದಾಗ ಅದರಿಂದ 2ನ್ನು ಕಳೆಯಬೇಕು. ಸೊನ್ನೆಗಿಂತ ಕೆಳಗೆ ಜಾಗವಿಲ್ಲದುದರಿಂದ, ಗಡಿಯಾರದ ಮುಳ್ಳು ಹಿಂದಕ್ಕೆ ಸರಿದು ಹನ್ನೆರಡಕ್ಕೆ ಬಂದಂತೆ, ಅದು 255 ಆಯಿತು! ಎಷ್ಟು ಸೊಗಸಾದ ವಿವರಣೆ! ಗಣಕವಿಜ್ಞಾನದ ಪಾಠದಲ್ಲಿ ಉದಾಹರಣೆಯಾಗಿ ಕೊಡಲು ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ ಇದು ನಿಜವಲ್ಲ. ಇಂತಹ ದೋಷವಿರಲಿಲ್ಲವೆಂದು ಮೈಯರ್ 2020ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಸ್ಪಷ್ಟಪಡಿಸಿದರು. ಆಟದಲ್ಲಿ ಆಕ್ರಮಣಶೀಲತೆಗೆ ಇದ್ದುದು ಮೂರೇ ಮೆಟ್ಟಿಲು. ಗಾಂಧಿಯವರೂ ಬೇರೆ ಕೆಲವು ನಾಯಕರೂ ಕೆಳಗಿನ ಮೆಟ್ಟಿಲಲ್ಲಿದ್ದರು. ಕತೆಯು ಅಂತರ್ಜಾಲದಲ್ಲಿ ಹರಡಿದುದು ಆಟ ಬಂದು ಇಪ್ಪತ್ತು ವರ್ಷಗಳಾದ ಮೇಲೆ, ಸುಮಾರು 2012ರಿಂದೀಚೆಗೆ. ಅದಕ್ಕೆ ಎರಡು ವರ್ಷ ಮುಂಚೆ ಬಂದಿದ್ದ ಐದನೆಯ ಆವೃತ್ತಿಯಲ್ಲಿ ರಚಕರು ಹಾಸ್ಯಕ್ಕಾಗಿ, ಹತ್ತು ಗರಿಷ್ಠವಾಗಿದ್ದ ಮಾನದಲ್ಲಿ, ಗಾಂಧಿಯವರ ಬಾಂಬಿನ ಒಲವನ್ನು ಹನ್ನೆರಡೆಂದು ಬರೆದಿಟ್ಟಿದ್ದರು. ವಿವರಣೆಯ ಅಂಕಗಣಿತದಲ್ಲಿ ತಪ್ಪಿಲ್ಲ; ಅದು ಈ ಯಂತ್ರದಲ್ಲಿ ನಡೆಯಿತೆ ಎಂಬುದನ್ನು ಯಾರೂ ತೆರೆದು ನೋಡಿರಲಿಲ್ಲ.

ಕೊನೆಯದಾಗಿ ಆಟದ ತುದಿಯಲ್ಲಿರುವ ಹಡಗಿನ ಮಾತು. ಎದುರಾಳಿಗಳನ್ನೆಲ್ಲ ಯುದ್ಧದಲ್ಲಿ ಗೆಲ್ಲಲೊಲ್ಲದವನು ಅಂತರಿಕ್ಷನೌಕೆಯನ್ನು ಕಟ್ಟಿ ಸಾವಿರಾರು ಜನರನ್ನು ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ಕಳುಹಿಸಿಯೂ ಗೆಲ್ಲಬಹುದು. ದೂರ ಸುಮಾರು 4.37 ಜ್ಯೋತಿರ್ವರ್ಷ, ಎಂದರೆ 41 ಲಕ್ಷ ಕೋಟಿ ಕಿಲೋಮೀಟರು. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ. ಅದು ಆ ದಿಕ್ಕಿಗೆ ಹೋಗುತ್ತಿಲ್ಲ. ಹೋಗುತ್ತಿದ್ದರೆ 77,000 ವರ್ಷ ಹಿಡಿಯುತ್ತಿತ್ತು. ಆಟದ ಹಡಗಾದರೋ ಕೆಲವೇ ಸರದಿಗಳಲ್ಲಿ ತಲುಪುವುದು. ಹದಿನೈದು ವರ್ಷವೆಂದು ಹಿಡಿದರೆ ಬೆಳಕಿನ ವೇಗದ ಹತ್ತರಲ್ಲಿ ಮೂರು ಪಾಲಿನಷ್ಟು ವೇಗ ಬೇಕು. ಆ ವೇಗದಲ್ಲಿ ಒಂದೇ ಒಂದು ಕಿಲೋಗ್ರಾಂ ವಸ್ತುವಿಗಿರುವ ಚಲನಶಕ್ತಿಯು ಸುಮಾರು ಹತ್ತು ಲಕ್ಷ ಟನ್ ಟಿ.ಎನ್.ಟಿ. ಸಿಡಿದಾಗ ಬರುವ ಶಕ್ತಿಗೆ ಸಮ. ಹಡಗಿಗೆ ಎಷ್ಟು ಟನ್ ತೂಕವಿರಬೇಕೆಂಬುದನ್ನು ವಾಚಕರೇ ಊಹಿಸಿ ಉಳಿದ ಗುಣಾಕಾರವನ್ನು ಮಾಡಿಕೊಳ್ಳಲಿ. ಅಲ್ಲಿ ತಲುಪಿದ ಮೇಲೆ ನಿಲ್ಲುವುದಕ್ಕೂ ಅಷ್ಟೇ ಶಕ್ತಿ ಬೇಕೆಂಬುದನ್ನೂ, ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ಹೊತ್ತುಕೊಂಡಿರಬೇಕೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.